ಹನ್ನೆರಡು ಹೆಜ್ಜೆ ಸರಿದ ಮೇಜು

ಚೌಕದ ಸುತ್ತ ನಾಲ್ಕು ಕಟ್ಟಡಗಳು. ಪುರಭವನ, ಅದಕ್ಕೆ ಹೆಗಲು ತಾಗಿಸಿ ನಿಂತ ನ್ಯಾಯಾಲಯ, ಎದುರಿಗೆ ಗ್ರಂಥಾಲಯ, ಮೂಲೆಯಲ್ಲಿ ಅಂಚೆ ಕಚೇರಿ. ಎಲ್ಲವೂ ಒಂದೇ ಗಣಿಯ ಬೂದುಗಲ್ಲಿನವು, ಎಲ್ಲಕ್ಕೂ ನೂರು ದಾಟಿದ ವಯಸ್ಸು. ಊರಿನವರು ಹುಟ್ಟಿದ್ದನ್ನು ಬರೆಸುವುದು ಇಲ್ಲಿ, ಮದುವೆಯಾಗುವುದು ಇಲ್ಲಿ, ಜಗಳವಾಡಿ ತೀರ್ಪು ಪಡೆಯುವುದು ಇಲ್ಲಿ, ಕೊನೆಗೆ ಸತ್ತದ್ದನ್ನು ಬರೆಸುವುದೂ ಇಲ್ಲೇ. ನಡುವೆ ಪುರಸೊತ್ತು ಸಿಕ್ಕಿದರೆ ಗ್ರಂಥಾಲಯದಲ್ಲಿ ಕೂತು ತೂಕಡಿಸಬಹುದು.

ಪುರಭವನದ ಮೊದಲ ಮಹಡಿಯಲ್ಲಿ ವಿವಾಹ ವಿಭಾಗ. ಅಲ್ಲಿ ಮೂವತ್ತೊಂದು ವರ್ಷದಿಂದ ಕೂತಿದ್ದ ಗುಮಾಸ್ತೆಯನ್ನು ಇಡೀ ಚೌಕ ಷರಾ ಅಮ್ಮ ಎಂದೇ ಕರೆಯುತ್ತಿತ್ತು. ಅರ್ಜಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಷರಾ ಬರೆಯದೆ ಆಕೆ ಯಾವ ಕಾಗದವನ್ನೂ ಮುಂದಕ್ಕೆ ಬಿಟ್ಟವಳಲ್ಲ. ‘ಸಾಕ್ಷಿಯ ಸಹಿ ಗೆರೆ ದಾಟಿದೆ, ಪುನಃ ಹಾಕಿಸುವುದು.’ ‘ವಧುವಿನ ಭಾವಚಿತ್ರದಲ್ಲಿ ಒಂದೇ ಕಿವಿ ಕಾಣುತ್ತದೆ, ಇನ್ನೊಂದು ಇರುವುದಕ್ಕೆ ಪುರಾವೆ ಒದಗಿಸುವುದು.’ ಈ ಎರಡನೆಯದು ಅವಳೇ ಬರೆದದ್ದೋ ಅಥವಾ ಅವಳನ್ನು ಕಂಡರಾಗದವರು ಕಟ್ಟಿದ್ದೋ ಗೊತ್ತಿಲ್ಲ. ಕೇಳಿದರೆ ಆಕೆ ಇಲ್ಲ ಎನ್ನುತ್ತಿರಲಿಲ್ಲ.

ಸ್ವಂತ ಮಗ ಮದುವೆಗೆ ಅರ್ಜಿ ಕೊಟ್ಟಾಗ ಅದಕ್ಕೂ ಮೂರು ಷರಾ ಬರೆದು ವಾಪಸು ಕಳಿಸಿದ್ದಳು. ‘ಅಮ್ಮ, ನನ್ನ ಹುಟ್ಟಿದ ದಿನ ನಿಂಗೊತ್ತಿಲ್ವಾ?’ ಎಂದು ಅವನು ನಕ್ಕರೆ, ‘ಮನೇಲಿ ಗೊತ್ತು. ಇಲ್ಲಿ ಪ್ರಮಾಣಪತ್ರ ತಾ,’ ಎಂದಿದ್ದಳು. ಆ ಮಗ ಈಗ ಇಲ್ಲ. ಎಂಟು ತಿಂಗಳ ಹಿಂದೆ, ಮೂವತ್ತನೇ ವಯಸ್ಸಿಗೆ, ಬಸ್ಸಿಗೆ ಕಾಯುತ್ತ ನಿಂತವನು ಹಾಗೇ ಎದೆ ಹಿಡಿದು ಕುಸಿದು ಹೋದ. ಮನೆಯಲ್ಲಿ ಉಳಿದವರು ಷರಾ ಅಮ್ಮ, ಗಡಿಯಾಚೆಯಿಂದ ಬಂದ ಸೊಸೆ, ಮತ್ತು ಹತ್ತು ತಿಂಗಳ ಮೊಮ್ಮಗಳು. ಮಗುವಿಗೆ ಅಪ್ಪನದೇ ಹುಬ್ಬು. ಆ ಹುಬ್ಬನ್ನು ನೋಡಿಕೊಂಡೇ ಷರಾ ಅಮ್ಮ ಬೆಳಗ್ಗೆ ಏಳುತ್ತಿದ್ದಳು, ಇಲ್ಲದಿದ್ದರೆ ಏಳುವ ಕಾರಣವೇ ಇರಲಿಲ್ಲ.

ಸೊಸೆ ಈ ದೇಶದಲ್ಲಿ ಇರುವುದಕ್ಕೆ ಪರವಾನಗಿ ಬೇಕು. ಅದರ ಅವಧಿ ಮುಂದಿನ ತಿಂಗಳು ಹತ್ತಕ್ಕೆ ಮುಗಿಯುತ್ತಿತ್ತು. ಇಲ್ಲಿಯವನ ವಿಧವೆಯಾದರೆ ಜೀವನಪೂರ್ತಿ ಇರಬಹುದು, ವಿವಾಹ ಪ್ರಮಾಣಪತ್ರದ ದೃಢೀಕೃತ ಪ್ರತಿಯೊಂದನ್ನು ಲಗತ್ತಿಸಿದರೆ ಸಾಕು. ‘ಅದೇನು ದೊಡ್ಡ ವಿಷ್ಯ, ನಾನೇ ತಗೊಂಡು ಬರ್ತೀನಿ,’ ಎಂದಿದ್ದಳು ಅತ್ತೆ. ತನ್ನದೇ ಕಪಾಟಿನಲ್ಲಿರುವ ಪುಸ್ತಕ, ತನ್ನದೇ ಅಕ್ಷರ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು ಎಂದುಕೊಂಡಿದ್ದಳು.

ಸೋಮವಾರ ಬೆಳಗ್ಗೆ ಅಳತೆಯವನು ಬಂದ. ಚೌಕದ ಕಟ್ಟಡಗಳನ್ನೆಲ್ಲ ಹೊಸದಾಗಿ ಅಳೆದು ನಕ್ಷೆ ಬರೆದು ಕೆಳಗಿನ ಪಡಸಾಲೆಯಲ್ಲಿ ತೂಗುಹಾಕಬೇಕೆಂದು ನಗರಸಭೆ ಅವನನ್ನು ನೇಮಿಸಿತ್ತು. ಮೂವತ್ತೈದರ ಆಸುಪಾಸಿನ, ಬಾಯಿ ತುಂಬ ಮಾತಿನ ಮನುಷ್ಯ. ಕಂಕುಳಲ್ಲಿ ಹಳೆಯ ನಕ್ಷೆಯ ಸುರುಳಿ, ಕೈಯಲ್ಲಿ ಕೆಂಪು ಬೆಳಕು ಚಿಮ್ಮುವ ಅಳತೆಯ ಯಂತ್ರ.

‘ನಮಸ್ಕಾರ ಅಮ್ಮ. ನನ್ನ ಗುರುತು ಸಿಕ್ತಾ? ಎರಡು ವರ್ಷದ ಹಿಂದೆ ನಂಗೆ ಮದ್ವೆ ಮಾಡ್ಸಿದ್ದು ನೀವೇ. ನನ್ನ ಸ್ನೇಹಿತನ ಸಹಿ ಗೆರೆ ದಾಟ್ತು ಅಂತ ಎರಡು ಸಲ ಬರೆಸಿದ್ರಿ.’

‘ಎರಡನೇ ಸಲ ಸರಿಯಾಗಿ ಹಾಕಿದ್ನಾ?’

‘ಹಾಕ್ದ.’

‘ಮತ್ತೇನು,’ ಎಂದಳು ಷರಾ ಅಮ್ಮ, ತಲೆ ಎತ್ತದೆ.

ಅವನು ವಿವಾಹ ಸಭಾಂಗಣ ಅಳೆದ, ಓಣಿ ಅಳೆದ, ಓಣಿಯ ಕೊನೆಯ ಕಮಾನು ದಾಟಿ ಹಸಿರು ಕೋಣೆಗೆ ಹೋದ. ಹಸಿರು ಬಣ್ಣ ಬಳಿದದ್ದರಿಂದ ಆ ಹೆಸರು. ಹಳೆಯ ಕುರ್ಚಿ ಪೇರಿಸಿಡುವ ಜಾಗ. ಸಭಾಂಗಣದಿಂದ ಹನ್ನೆರಡು ಹೆಜ್ಜೆ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವನ ನಗು ಕೇಳಿಸಿತು.

‘ಅಮ್ಮ, ಇಲ್ಲಿ ಬನ್ನಿ, ಒಂದು ತಮಾಷೆ ತೋರಿಸ್ತೀನಿ.’

ಕಮಾನಿನ ಕೆಳಗೆ ನೆಲದಲ್ಲಿ ಒಂದು ಗೇಣಗಲದ ಕಪ್ಪು ಕಲ್ಲಿನ ಪಟ್ಟಿ ಇತ್ತು. ಷರಾ ಅಮ್ಮ ಅದನ್ನು ಮೂವತ್ತೊಂದು ವರ್ಷ ದಾಟಿದ್ದಳು. ಅಲಂಕಾರಕ್ಕೆ ಹಾಕಿದ್ದೆಂದು ತಿಳಿದಿದ್ದಳು.

‘ಇದು ಎಲ್ಲೆ ಕಲ್ಲು,’ ಎಂದು ಅಳತೆಯವನು ನಕ್ಷೆ ಬಿಡಿಸಿದ. ‘ನೋಡಿ, ಪುರಭವನ ಇಲ್ಲಿಗೆ ಮುಗೀತು. ಆ ಕಡೆ ಕೋರ್ಟು. ನ್ಯಾಯಾಧೀಶರು ಊಟ ಮಾಡಿ ಮಲಗ್ತಿದ್ದ ಕೋಣೆಯಂತೆ ಇದು. ಅರವತ್ತು ವರ್ಷದ ಹಿಂದೆ ಕುರ್ಚಿ ಇಡೋಕೆ ಅಂತ ಬಾಯಿಮಾತಲ್ಲಿ ಬಿಟ್ಟುಕೊಟ್ಟು, ಆ ಕಡೆ ಬಾಗಿಲಿಗೆ ಇಟ್ಟಿಗೆ ಕಟ್ಟಿದ್ದಾರೆ. ಕಾಗದದಲ್ಲಿ ಇವತ್ತಿಗೂ ಕೋರ್ಟಿಂದೇ. ನೀವೀಗ ಕೋರ್ಟಲ್ಲಿ ನಿಂತಿದೀರಿ.’

ಷರಾ ಅಮ್ಮ ಕಾಲ ಕೆಳಗೆ ನೋಡಿದಳು. ಬಲಗಾಲು ಪಟ್ಟಿಯ ಆ ಕಡೆ ಇತ್ತು. ಬೆಂಕಿ ತುಳಿದವಳಂತೆ ಹಿಂದಕ್ಕೆ ಎಳೆದುಕೊಂಡಳು.

ಇಲ್ಲೊಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಆಕೆಯ ಮುಖ ಸುಣ್ಣವಾದದ್ದು ಯಾಕೆಂದು ತಿಳಿಯುವುದಿಲ್ಲ. ಎರಡು ವರ್ಷದ ಹಿಂದೆ ವಿವಾಹ ಸಭಾಂಗಣದ ಚಾವಣಿಯಿಂದ ಗಾರೆ ಉದುರತೊಡಗಿತ್ತು. ಒಬ್ಬ ವರನ ತಲೆಯ ಮೇಲೆ ಒಂದು ಹೆಂಟೆಯೇ ಬಿತ್ತು. ರಿಪೇರಿಗೆ ಐದು ತಿಂಗಳು ಬೇಕು ಎಂದರು. ಆಗಿನ ಅಧಿಕಾರಿ ಹೆರಿಗೆಗೆಂದು ರಜೆಯಲ್ಲಿದ್ದಳು, ಬದಲಿಗೆ ಬಂದವರು ಕಣ್ಣುಮುಚ್ಚಿ ಸಹಿ ಹಾಕುವ ಪೈಕಿ. ಮದುವೆಗಳನ್ನು ನಿಲ್ಲಿಸುವ ಹಾಗಿಲ್ಲ. ಷರಾ ಅಮ್ಮ ಮೇಜು, ಮದುವೆ ದಾಖಲಿಸುವ ದಫ್ತರ, ಶಾಯಿ, ನಾಲ್ಕು ಕುರ್ಚಿ ಎತ್ತಿಸಿ ಹಸಿರು ಕೋಣೆಗೆ ಸಾಗಿಸಿದಳು. ಬೇರೆ ಯಾರಾದರೂ ಆಗಿದ್ದರೆ ಮೇಲಿನವರನ್ನು ಒಂದು ಮಾತು ಕೇಳುತ್ತಿದ್ದರು. ಈಕೆ ನಿಯಮ ಗೊತ್ತಿದ್ದವಳು, ಆದ್ದರಿಂದ ಕೇಳಲಿಲ್ಲ. ಒಂದೇ ಮಾಳಿಗೆ, ಒಂದೇ ಓಣಿ, ಹನ್ನೆರಡು ಹೆಜ್ಜೆ. ಕಡತದಲ್ಲಿ ಷರಾ ಬರೆದಳು: ‘ಹಸಿರು ಕೋಣೆಗೆ ಸಾಗಿಸಿದೆ. ಸ್ಥಳದ ಬದಲಾವಣೆ ಅಲ್ಲ, ಮೇಜಿನ ಬದಲಾವಣೆ ಮಾತ್ರ. ಅನುಮತಿ ಅನಗತ್ಯ.’

ನಿಯಮವಾದರೂ ಏನು? ಸಭಾಂಗಣದ ಬಾಗಿಲಲ್ಲೇ ಗಾಜು ಹಾಕಿಸಿ ತೂಗಿಸಿದ್ದಳು: ‘ವಿವಾಹವು ಪುರಭವನದ ಗೋಡೆಗಳೊಳಗೇ ನೆರವೇರತಕ್ಕದ್ದು. ಹೊರಗೆ ನೆರವೇರಿದ್ದು ನೆರವೇರದ್ದಕ್ಕೆ ಸಮ.’ ಈ ಎರಡು ಸಾಲು ಹಿಡಿದುಕೊಂಡು ಆಕೆ ಎಷ್ಟು ಜನರನ್ನು ಅಳಿಸಿದ್ದಳೋ ಲೆಕ್ಕವಿಲ್ಲ. ಒಮ್ಮೆ ಒಬ್ಬ ಹುಡುಗಿ ಆಸ್ಪತ್ರೆಯಿಂದ ಓಡೋಡಿ ಬಂದು, ‘ಅವ್ನು ಮಂಚದಿಂದ ಏಳೋ ಸ್ಥಿತೀಲಿಲ್ಲ, ದಫ್ತರ ಅಲ್ಲಿಗೇ ತನ್ನಿ, ಅರ್ಧ ಗಂಟೆ ಸಾಕು,’ ಎಂದು ಕೈಮುಗಿದಿದ್ದಳು. ‘ಗೋಡೆ ದಾಟಿ ಆದ ಮದ್ವೆ ಮದ್ವೆಯಲ್ಲಮ್ಮ,’ ಎಂದಿದ್ದಳು ಷರಾ ಅಮ್ಮ. ಆ ಹುಡುಗ ಎರಡು ದಿನಕ್ಕೆ ತೀರಿಕೊಂಡ. ಹುಡುಗಿ ಮತ್ತೆ ಬರಲಿಲ್ಲ.

ಅಳತೆಯವನು ಬಾಗಿಲ ಹತ್ತಿರ ಹೋಗಿ ಗಾಜಿನೊಳಗಿನ ಎರಡು ಸಾಲನ್ನು ಓದಿದ. ಓದಿ ತಿರುಗಿದಾಗ ಅವನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದರ ಹಿಂದೆ ಏನೋ ಲೆಕ್ಕ ಶುರುವಾಗಿತ್ತು.

‘ಹಾಗಾದ್ರೆ ಅಮ್ಮ, ನಂಗೆ ಮದ್ವೆಯೇ ಆಗಿಲ್ಲ.’

‘ನಿನ್ನ ಕೆಲ್ಸ ಅಳೆಯೋದು. ಅಳೆದುಕೊಂಡು ಹೋಗು,’ ಎಂದಳು ಷರಾ ಅಮ್ಮ. ಧ್ವನಿ ತನ್ನದೇ ಎನಿಸಲಿಲ್ಲ.

ಅವನು ಹೋದ ಮೇಲೆ ಕಪಾಟು ತೆರೆದು ಆ ಐದು ತಿಂಗಳ ದಫ್ತರ ತೆಗೆದಳು. ಒಂದೊಂದೇ ಪುಟ ತಿರುವಿದಳು. ನೂರ ನಲವತ್ಮೂರು ಜೋಡಿ. ಎಲ್ಲರ ಹೆಸರ ಮುಂದೆ ಅವಳದೇ ದುಂಡು ಅಕ್ಷರ: ‘ಪುರಭವನದಲ್ಲಿ ನೆರವೇರಿತು.’ ಎಂಬತ್ತೆಂಟನೆಯ ಪುಟಕ್ಕೆ ಬಂದಾಗ ಕೈ ನಿಂತಿತು. ಮಗನ ಸಹಿ. ಗೆರೆ ದಾಟದ ಹಾಗೆ, ಅಮ್ಮನಿಗೆ ಹೆದರಿಕೊಂಡು, ಪುಟ್ಟದಾಗಿ ಹಾಕಿದ ಸಹಿ. ಪಕ್ಕದಲ್ಲಿ ಸೊಸೆಯದು.

ಬಾಕಿ ನೂರ ನಲವತ್ತೆರಡು ಜೋಡಿಗೆ ಒಂದು ಓಲೆ ಬರೆದು ಕರೆಸಬಹುದು. ಬನ್ನಿ, ತಪ್ಪಾಗಿದೆ, ಇನ್ನೊಮ್ಮೆ ಸಹಿ ಹಾಕಿ, ಎಂದರೆ ಮುಗಿಯಿತು. ಎಂಬತ್ತೆಂಟನೆಯ ಪುಟದವನನ್ನು ಎಲ್ಲಿಂದ ಕರೆಸುವುದು? ಸತ್ತವನಿಗೆ ಎರಡನೇ ಸಲ ಮದುವೆ ಮಾಡಿಸುವ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಮದುವೆ ಇಲ್ಲ ಎಂದರೆ ಸೊಸೆ ವಿಧವೆಯಲ್ಲ. ವಿಧವೆಯಲ್ಲದಿದ್ದರೆ ಪರವಾನಗಿ ಇಲ್ಲ. ಹತ್ತನೇ ತಾರೀಖು ಅವಳು ಗಡಿ ದಾಟಬೇಕು, ಅವಳ ಹಿಂದೆ ಮಗು. ಷರಾ ಅಮ್ಮ ದಫ್ತರ ಮುಚ್ಚಿ ಅದರ ಮೇಲೆ ಎರಡೂ ಕೈ ಊರಿ ಕೂತಳು. ಹೊರಗೆ ಸಾಲಿನಲ್ಲಿದ್ದ ಜೋಡಿಯೊಂದು ಎರಡು ಸಲ ಕೆಮ್ಮಿತು. ಅವರ ಅರ್ಜಿಯನ್ನು ಒಂದೂ ಷರಾ ಇಲ್ಲದೆ ಮುಂದಕ್ಕೆ ಕೊಟ್ಟಳು. ಅವರು ಗಾಬರಿಯಿಂದ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

ಸಂಜೆ ಮನೆಗೆ ಹೋದರೆ ಸೊಸೆ ಮಗುವಿಗೆ ಉಣಿಸುತ್ತಿದ್ದಳು. ಷರಾ ಅಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಮಗು ಅಜ್ಜಿಯನ್ನು ಕಂಡು ಬಾಯಲ್ಲಿದ್ದುದನ್ನೆಲ್ಲ ಉಗುಳಿ ನಕ್ಕಿತು. ಹೇಳಬೇಕು ಎಂದುಕೊಂಡೇ ಬಂದಿದ್ದಳು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಯಿತು, ನುಂಗುವ ಹಾಗೂ ಇಲ್ಲ ಉಗುಳುವ ಹಾಗೂ ಇಲ್ಲ. ಸೊಸೆಯೂ ಅಂದು ಹೆಚ್ಚು ಮಾತಾಡಲಿಲ್ಲ. ಬಟ್ಟಲು ತೊಳೆದಿಟ್ಟು, ‘ತಲೆ ನೋವಾ ಅತ್ತೆ?’ ಎಂದು ಕೇಳಿದಳು. ‘ಹೂಂ, ಸ್ವಲ್ಪ,’ ಎಂದಳು ಅತ್ತೆ.

ಮಂಗಳವಾರ ಕಚೇರಿ ತೆರೆಯುವ ಮೊದಲೇ ಅಳತೆಯವನು ಬೆಂಚಿನ ಮೇಲೆ ಕೂತಿದ್ದ. ಯಂತ್ರ ಇರಲಿಲ್ಲ, ಸುರುಳಿ ಇರಲಿಲ್ಲ. ಕೈಯಲ್ಲಿ ಒಂದು ಅರ್ಜಿ. ನೀಟಾಗಿ, ಅಂಚು ಬಿಟ್ಟು, ಗೆರೆ ದಾಟದ ಹಾಗೆ ಬರೆದಿದ್ದ. ತನ್ನ ಮದುವೆ ಎಲ್ಲೆಕಲ್ಲಿನ ಆಚೆ ನೆರವೇರಿದ್ದರಿಂದ ಅದು ನೆರವೇರಿಲ್ಲವೆಂದು ದೃಢೀಕರಣ ಪತ್ರ ಕೊಡತಕ್ಕದ್ದು.

ಷರಾ ಅಮ್ಮ ಎರಡು ಸಲ ಓದಿದಳು. ತಮಾಷೆ ಇರಬೇಕೆಂದು ಅವನ ಮುಖ ನೋಡಿದಳು. ತಮಾಷೆ ಇರಲಿಲ್ಲ.

‘ಯಾಕಪ್ಪ?’

‘ಹೊಂದಿಕೆ ಇಲ್ಲ ಅಮ್ಮ. ವರ್ಷದಿಂದ ಮಾತಿಲ್ಲ. ಬಿಡುಗಡೆ ಬೇಕು ಅಂದ್ರೆ ಪಕ್ಕದ ಕೋರ್ಟಲ್ಲಿ ಮೂರು ವರ್ಷ ಅಲೀಬೇಕು. ನೀವು ಕೊಟ್ರೆ ಒಂದೇ ಕಾಗದ.’

‘ನಿನ್ ಹೆಂಡ್ತಿಗೆ ಗೊತ್ತಾ?’

‘ಹೇಳ್ತೀನಿ,’ ಎಂದ ಅವನು. ‘ಕಾಗದ ಕೈಗೆ ಬಂದ ಮೇಲೆ.’

ಷರಾ ಅಮ್ಮನಿಗೆ ಎರಡು ವರ್ಷದ ಹಿಂದೆ ಇವನ ಪಕ್ಕ ಕೂತಿದ್ದ ಹೆಣ್ಣು ನೆನಪಾದಳು. ಬಸ್ಸಿನ ಕಂಡಕ್ಟರು, ಸಮವಸ್ತ್ರದಲ್ಲೇ ಬಂದಿದ್ದಳು, ಮಧ್ಯಾಹ್ನದ ಪಾಳಿಗೆ ಹೊತ್ತಾಗುತ್ತದೆಂದು ಗಡಿಯಾರ ನೋಡಿಕೊಳ್ಳುತ್ತ ನಗುತ್ತಿದ್ದಳು. ಆಕೆ ಈ ಹೊತ್ತಿಗೂ ಯಾವುದೋ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿರಬೇಕು, ತನ್ನ ಕಾಲ ಕೆಳಗಿನ ನೆಲವನ್ನು ಇಲ್ಲಿ ಅಳೆದು ಕಿತ್ತುಕೊಳ್ಳುತ್ತಿರುವುದು ಅವಳಿಗೆ ತಿಳಿಯದು. ನಿನ್ನೆವರೆಗೆ ಷರಾ ಅಮ್ಮ, ಸತ್ಯ ಹೇಳಿದರೆ ನೂರ ನಲವತ್ತೆರಡು ಜೋಡಿ ಓಡಿ ಬಂದು ಮತ್ತೆ ಸಹಿ ಹಾಕುತ್ತಾರೆ ಎಂದುಕೊಂಡಿದ್ದಳು. ಮದುವೆ ಮಾಡಿಸುವುದರಲ್ಲೇ ಆಯುಷ್ಯ ಕಳೆದವಳು, ಮದುವೆಯಾದವರ ವಿಷಯದಲ್ಲಿ ಇಷ್ಟು ದಡ್ಡಿಯಾಗಿದ್ದಳು ನೋಡಿ.

ಹೊಸ ಅಧಿಕಾರಿ ಬಂದು ಎರಡು ತಿಂಗಳಾಗಿತ್ತು. ಮಗನಿಗಿಂತ ಚಿಕ್ಕ ವಯಸ್ಸು, ಮಾತು ಮೆದು. ಅರ್ಜಿ ಓದಿ ಅವನ ಹಣೆಯ ಮೇಲೆ ಬೆವರು ಬಂತು.

‘ನಕ್ಷೆ ಇರಲಿ ಅಮ್ಮ. ನಕ್ಷೆ ಯಾರು ನೋಡ್ತಾರೆ. ಪ್ರಶ್ನೆ ಇರೋದು ಮೇಜು ಎಲ್ಲಿತ್ತು ಅಂತ. ದಫ್ತರದಲ್ಲಿ ಪುರಭವನ ಅಂತ ಮಾತ್ರ ಇದೆ. ಆಗ ಇದ್ದವ್ರು ಈಗ ನೀವೊಬ್ರೇ.’

‘ಹೌದು.’

‘ಹಾಗಾದ್ರೆ ನೀವೇ ಷರಾ ಬರೀರಿ. ನೀವು ಏನು ಬರೀತೀರೋ ಅದಕ್ಕೆ ಕಣ್ಮುಚ್ಚಿ ಸಹಿ ಹಾಕ್ತೀನಿ,’ ಎಂದ ಅವನು. ಮತ್ತೆ ಸೇರಿಸಿದ, ‘ಮೂವತ್ತೊಂದು ವರ್ಷದಲ್ಲಿ ನೀವು ಬರೆದದ್ದು ಒಂದಕ್ಷರ ಸುಳ್ಳಾಗಿಲ್ಲ ಅಂತ ಎಲ್ರೂ ಹೇಳ್ತಾರೆ.’

ಹೊಗಳಿಕೆ ಇಷ್ಟು ಕಹಿಯಾಗಿರುತ್ತದೆ ಎಂದು ಆಕೆಗೆ ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಕಚೇರಿ ಖಾಲಿಯಾಯಿತು. ಷರಾ ಅಮ್ಮ ಆ ವರ್ಷದ ಕಡತ ತೆಗೆದಳು. ತನ್ನ ಕೆಂಪು ಅಕ್ಷರ ಅಲ್ಲೇ ಇತ್ತು, ಒಣಗಿ ಕಂದಾಗಿತ್ತು. ಮೇಜಿನ ಬದಲಾವಣೆ ಮಾತ್ರ. ಅನುಮತಿ ಅನಗತ್ಯ. ಬರೆದ ದಿನ ಎಷ್ಟು ಹೆಮ್ಮೆಪಟ್ಟಿದ್ದಳು. ಆ ಹುಡುಗಿಯ ಜೊತೆ ಆಸ್ಪತ್ರೆಗೆ ಹೋಗಲೊಪ್ಪದ ಕಾಲುಗಳೇ ಹನ್ನೆರಡು ಹೆಜ್ಜೆ ನಡೆದು ಇಷ್ಟು ಜನರನ್ನು ಗೋಡೆಯಾಚೆ ಕೂರಿಸಿದ್ದವು.

ಪುಟದ ಅಂಚು ಹಿಡಿದಳು. ಹಳೆಯ ಕಾಗದ, ದಾರದ ಹೊಲಿಗೆ. ಹರಿದರೆ ಇಷ್ಟು ಸದ್ದಾಗುತ್ತದೆಯೇ? ಇಡೀ ಪುರಭವನಕ್ಕೆ ಕೇಳಿಸಿತೆಂದು ತೋರಿತು. ಯಾರೂ ಬರಲಿಲ್ಲ. ಹರಿದ ಪುಟವನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಚೂರು ಮಾಡಿ, ಕೈತೊಳೆಯುವ ಕೋಣೆಗೆ ಹೋಗಿ ಮೋರಿಗೆ ಹಾಕಿ ನೀರು ಬಿಟ್ಟಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕನ್ನಡಿಯಲ್ಲಿ ಕಂಡ ಮುಖಕ್ಕೆ ಏನು ಹೇಳಬೇಕೋ ತಿಳಿಯದೆ ಮುಖ ತೊಳೆದುಕೊಂಡು ಬಂದಳು.

ಅಳತೆಯವನು ಮೂರು ಗಂಟೆಗೆ ಬಂದ. ಆಕೆ ಅರ್ಜಿಯನ್ನು ಅವನ ಮುಂದೆ ತಳ್ಳಿದಳು. ಅಂಚಿನಲ್ಲಿ ಕೆಂಪು ಷರಾ: ‘ರಿಪೇರಿ ಕೆಲಸ ಮಧ್ಯಾಹ್ನದ ಮೇಲೆ ನಡೆಯುತ್ತಿತ್ತು. ವಿವಾಹಗಳು ಬೆಳಗ್ಗೆ ಸಭಾಂಗಣದಲ್ಲೇ ನೆರವೇರಿವೆ. ಕೋರಿಕೆ ತಿರಸ್ಕೃತ.’ ಕೆಳಗೆ ಅಧಿಕಾರಿಯ ಸಹಿ.

ಅವನು ನಗಲಿಲ್ಲ. ಫೋನು ತೆಗೆದು ಒಂದು ಚಿತ್ರ ತೋರಿಸಿದ. ಕಂಡಕ್ಟರು, ಅವನು, ಹಿಂದೆ ಹಸಿರು ಗೋಡೆ.

‘ಇದೇನಮ್ಮ ಹಾಗಾದ್ರೆ?’

‘ಅದು ಫೋಟೋ,’ ಎಂದಳು ಷರಾ ಅಮ್ಮ. ‘ಆ ಕೋಣೇಲಿ ಬೆಳಕು ಚೆನ್ನಾಗಿರುತ್ತೆ. ಎಲ್ರೂ ಸಹಿ ಮುಗಿಸ್ಕೊಂಡು ಅಲ್ಲಿಗೆ ಹೋಗಿ ತೆಗೆಸ್ಕೊಳ್ತಿದ್ರು. ಸಹಿ ಇಲ್ಲಿ, ಫೋಟೋ ಅಲ್ಲಿ.’

‘ನಾನು ಅಲ್ಲೇ ಕೂತು ಸಹಿ ಹಾಕಿದೀನಿ. ನಂಗೆ ನೆನಪಿದೆ.’

‘ನಿಂಗೆ ಹೆಂಡ್ತಿ ಜೊತೆ ಮಾತಾಡೋದೇ ಮರೆತುಹೋಗಿದೆ. ಇದು ನೆನಪಿದ್ಯಾ?’

ಸುಳ್ಳು ಇಷ್ಟು ನಯವಾಗಿ, ಎಡವದೆ, ತನ್ನ ಬಾಯಿಂದ ಬಂದದ್ದು ಕೇಳಿ ಆಕೆ ದಂಗಾದಳು. ಎಲ್ಲಿತ್ತು ಇದು ಇಷ್ಟು ದಿನ? ಅಳತೆಯವನು, ‘ನೀವು ಸುಳ್ಳು ಹೇಳಲ್ಲ ಅಂತ ಊರೆಲ್ಲ ನಂಬಿದೆ ಅಮ್ಮ,’ ಎಂದು ಮೆಲ್ಲಗೆ ಹೇಳಿ, ಅರ್ಜಿ ಮಡಚಿಕೊಂಡು ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ಆಕೆ ಕಂಡಕ್ಟರಿಗಾಗಿ ಮಾಡಿದಳು ಎಂದು ನಾನು ಹೇಳಬಹುದು, ನೂರ ನಲವತ್ತೆರಡು ಸಂಸಾರಕ್ಕಾಗಿ ಎನ್ನಲೂಬಹುದು. ಕೇಳಲು ಚಂದ. ಆದರೆ ನಿಜ ಅದಲ್ಲ. ಮಗುವಿನ ಹುಬ್ಬಿಗಾಗಿ ಮಾಡಿದಳು. ಅದು ಆಕೆಗೂ ಗೊತ್ತಿತ್ತು. ಅಳತೆಯವನು ಮೆಟ್ಟಿಲು ಇಳಿಯುವ ಮೊದಲೇ ಎಂಬತ್ತೆಂಟನೆಯ ಪುಟದ ಪ್ರತಿ ತೆಗೆದು, ಮುದ್ರೆ ಒತ್ತಿ, ಚೀಲಕ್ಕೆ ಹಾಕಿಕೊಂಡಿದ್ದಳು.

ಚೌಕ ದಾಟುವಾಗ ಬಿಸಿಲು ಇನ್ನೂ ಇತ್ತು. ಗ್ರಂಥಾಲಯದ ಮೆಟ್ಟಿಲ ಮೇಲೆ ಜನ ಕೂತು ಕಾಫಿ ಕುಡಿಯುತ್ತಿದ್ದರು. ಪರಿಚಯದವರು ಯಾರೋ ನಮಸ್ಕಾರ ಎಂದರು. ಷರಾ ಅಮ್ಮ ತಲೆ ಬಗ್ಗಿಸಿಕೊಂಡು ನಡೆದಳು. ಕಳ್ಳನ ಮನಸ್ಸು ಹುಳ್ಳಗೆ ಅಂತಾರಲ್ಲ, ಹಾಗಾಗಿತ್ತು. ಆದರೂ ಚೀಲದಲ್ಲಿ ಕಾಗದ ಇತ್ತು. ಮಗು ಎಲ್ಲಿಗೂ ಹೋಗುವುದಿಲ್ಲ. ಅಷ್ಟು ಸಾಕು, ಉಳಿದದ್ದನ್ನು ಸಾಯುವವರೆಗೆ ಹೇಗೋ ಹೊರುತ್ತೇನೆ ಎಂದುಕೊಂಡಳು.

ಮನೆಯಲ್ಲಿ ಮಗು ಚಾಪೆಯ ಮೇಲೆ ನಿದ್ದೆ ಹೋಗಿತ್ತು. ಸೊಸೆ ಮೇಜಿನ ಹತ್ತಿರ ಸುಮ್ಮನೆ ಕೂತಿದ್ದಳು.

‘ಅತ್ತೆ, ಕೂತ್ಕೊಳ್ಳಿ. ಒಂದು ಮಾತು ಕೇಳ್ಬೇಕು.’

‘ಮೊದ್ಲು ನಾನು ಹೇಳ್ತೀನಿ. ನಿನ್ನ ಪ್ರತಿ…’

‘ನಂಗೊತ್ತು,’ ಎಂದಳು ಸೊಸೆ. ‘ನಿನ್ನೆ ಮಗೂನ ಕರ್ಕೊಂಡು ಗ್ರಂಥಾಲಯಕ್ಕೆ ಹೋಗಿದ್ದೆ. ಕಾಫಿ ಕುಡಿಯೋ ಕಡೆ ಅಳತೆ ಯಂತ್ರ ಹಿಡ್ಕೊಂಡ ಒಬ್ಬ ಮನುಷ್ಯ ಎಲ್ರಿಗೂ ಹೇಳ್ತಿದ್ದ. ಹಸಿರು ಕೋಣೇಲಿ ಆದ ಮದ್ವೆಗಳು ಯಾವುದೂ ಮದ್ವೆ ಅಲ್ಲ ಅಂತ. ನಮ್ದೂ ಅಲ್ಲೇ ಆಗಿದ್ದು.’

ಪಾಪ, ಒಂದು ಇಡೀ ದಿನ ಈ ಹುಡುಗಿ ಈ ಭಯ ಒಬ್ಬಳೇ ಹೊತ್ತುಕೊಂಡಿದ್ದಳೇ. ‘ಹೆದರಬೇಡ ಮಗು,’ ಎಂದು ಷರಾ ಅಮ್ಮ ಚೀಲಕ್ಕೆ ಕೈ ಹಾಕಿದಳು. ‘ಎಲ್ಲ ಸರಿಮಾಡಿದೀನಿ. ನಿನ್ನನ್ನ ಯಾರೂ ಕಳಿಸೋ ಹಾಗಿಲ್ಲ.’

ಸೊಸೆಯ ಮುಖದ ಮೇಲೆ ನೆಮ್ಮದಿ ಬರಬೇಕಿತ್ತು. ಬರಲಿಲ್ಲ. ಅಲ್ಲಿ ಇದ್ದದ್ದೂ ಆರಿಹೋಯಿತು.

‘ಅತ್ತೆ, ನೀವು ಬೇಜಾರು ಮಾಡ್ಕೋಬೇಡಿ. ಆ ಮಾತು ಕೇಳ್ದಾಗ ನಂಗೆ ಅಳು ಬರ್ಬೇಕಿತ್ತು. ಬರ್ಲಿಲ್ಲ. ಎಂಟು ತಿಂಗಳಾದ ಮೇಲೆ ಮೊದಲ ಸಲ ಉಸಿರು ಬಂತು.’

‘ಏನಂದೆ?’

‘ಇಲ್ಲಿ ನಾನು ಅವ್ರ ಹೆಂಡ್ತಿ. ಅಷ್ಟೇ. ಅವ್ರೇ ಇಲ್ಲ. ನಮ್ಮೂರಲ್ಲಿ ಅಕ್ಕನ ಜೊತೆ ಕಟ್ಟುಹಲ್ಲು ಮಾಡೋ ಕೆಲ್ಸ ಇತ್ತು ನಂದು. ನಾನು ಮಾಡಿದ ಹಲ್ಲಲ್ಲಿ ಜನ ಊಟ ಮಾಡ್ತಾರೆ, ಗೊತ್ತಾ ಅತ್ತೆ? ಇಲ್ಲಿ ಆ ಓದಿಗೆ ಬೆಲೆ ಇಲ್ಲ. ಹೋಗ್ಬೇಕು ಅಂತ ದಿನಾ ಅನ್ಕೊಳ್ತೀನಿ. ಬೆಳಗ್ಗೆ ನೀವು ಎದ್ದು ಮಗು ಮುಖ ನೋಡೋದನ್ನ ನೋಡಿದ್ರೆ ಬಾಯಿ ಕಟ್ಟಿಹೋಗುತ್ತೆ. ನಿನ್ನೆ ಅನ್ಸ್ತು, ಸರ್ಕಾರನೇ ಹೋಗು ಅಂದ್ರೆ ಹೋಗ್ತೀನಿ ಅಂತ ನಾನು ನಿಮ್ಗೆ ಹೇಳ್ಬೇಕಾಗೇ ಇಲ್ವಲ್ಲ ಅಂತ.’

ಷರಾ ಅಮ್ಮನಿಗೆ ಎರಡು ದಿನದಿಂದ ಒಂದರ ಮೇಲೊಂದು ಏಟು ಬಿದ್ದಿದ್ದವು, ಎಲ್ಲವನ್ನೂ ತಡೆದುಕೊಂಡಿದ್ದಳು. ಇದನ್ನು ತಡೆಯುವ ಜಾಗ ಮೈಯಲ್ಲಿ ಉಳಿದಿರಲಿಲ್ಲ. ಈ ಹುಡುಗಿಯನ್ನು ಉಳಿಸಿಕೊಳ್ಳಲು ತಾನು ಪುಟ ಹರಿದಳು, ಇವಳು ಇದೇ ಮನೆಯಲ್ಲಿ ಕೂತು ಗೋಡೆ ಬೀಳಲಿ ಎಂದು ಹಾರೈಸುತ್ತಿದ್ದಳು. ಎಂಟು ತಿಂಗಳಿಂದ ಒಂದೇ ಮೇಜಿನ ಎದುರು ಬದುರು ಕೂತಿದ್ದರೂ ಕಂಡಿರಲಿಲ್ಲ. ಅರ್ಜಿಯ ಅಂಚಿನ ಕೂದಲೆಳೆ ಕಾಣುವ ಕಣ್ಣಿಗೆ ಇದು ಕಂಡಿರಲಿಲ್ಲ.

‘ನೀವು ಯಾರಿಗೂ ಸುಳ್ಳು ಹೇಳಿದವ್ರಲ್ಲ,’ ಎಂದಳು ಸೊಸೆ. ‘ನೀವು ಹೇಳಿದ್ದೇ ನಂಗೆ ಕಾನೂನು. ನಿಜ ಹೇಳಿ. ನಮ್ಮ ಮದ್ವೆ ಆಗಿದ್ಯಾ, ಇಲ್ವಾ?’

ಇಲ್ಲ ಎಂದರೆ ಅವಳು ಹಗುರಾಗಿ ಹೊರಡುತ್ತಾಳೆ, ಮೈಮೇಲೆ ಯಾವ ಋಣವೂ ಇಲ್ಲದೆ. ಕಾನೂನಿನ ಪ್ರಕಾರ ಅದೇ ನಿಜ ಕೂಡ. ಆಗಿದೆ ಎಂದರೆ ಇಲ್ಲೇ ಇರುತ್ತಾಳೆ, ಮಾತಿಲ್ಲದೆ, ಬಟ್ಟಲು ತೊಳೆದಿಡುತ್ತ. ಷರಾ ಅಮ್ಮ ಚಾಪೆಯ ಕಡೆ ನೋಡಿದಳು. ಗೆರೆ ದಾಟದಂತೆ ಸಹಿ ಹಾಕಿ, ‘ಸರಿ ಇದ್ಯಾ ಅಮ್ಮ?’ ಎಂದು ಕೇಳಿದ ಮಗನಿಗೆ, ನಿನ್ನ ಮದುವೆಯೇ ಆಗಿಲ್ಲ ಎಂದು ಹೇಳುವುದು ಆಕೆಯಿಂದ ಆಗಲಿಲ್ಲ.

‘ಆಗಿದೆ,’ ಎಂದಳು. ‘ನಾನೇ ನಿಂತು ಮಾಡಿಸಿದ್ದು. ಅವ್ನು ನಿನ್ನ ಗಂಡ. ನೀನು ಅವ್ನ ಹೆಂಡ್ತಿ. ಅದನ್ನ ಇಲ್ಲ ಅನ್ನೋಕೆ ಯಾವ ಕಲ್ಲಿಗೂ ಅಧಿಕಾರ ಇಲ್ಲ.’

ಸೊಸೆ ತಲೆ ತಗ್ಗಿಸಿದಳು. ‘ಸರಿ ಅತ್ತೆ,’ ಎಂದಳು. ಅತ್ತ ತಿರುಗಿ ಒಣಗಿದ ಬಟ್ಟೆ ಮಡಚತೊಡಗಿದಳು. ಇನ್ನು ಈ ಮಾತು ಅವಳು ಯಾವತ್ತೂ ಎತ್ತುವುದಿಲ್ಲ, ಅದು ಷರಾ ಅಮ್ಮನಿಗೆ ಸ್ಪಷ್ಟವಾಗಿ ಕಂಡಿತು.

‘ಆದ್ರೂ ನೀನು ಹೋಗು,’ ಎಂದಿತು ತನ್ನದೇ ಬಾಯಿ. ಆ ಮಾತಿಗೆ ಮೊದಲು ಬೆಚ್ಚಿಬಿದ್ದವಳು ಅತ್ತೆಯೇ.

ಸೊಸೆಯ ಕೈಯಲ್ಲಿದ್ದ ಪುಟ್ಟ ಅಂಗಿ ಅಲ್ಲೇ ನಿಂತಿತು. ‘ಮಗೂನ?’ ಎಂದು ಕೇಳಿದಳು.

‘ಕರ್ಕೊಂಡು ಹೋಗು. ಮತ್ತೆ, ಮಗೂನ ಬಿಟ್ಟು ಹೋಗ್ತಾರಾ ಯಾರಾದ್ರೂ?’

ಸೊಸೆ ಅಳತೊಡಗಿದಳು. ಷರಾ ಅಮ್ಮ ಅಳಲಿಲ್ಲ. ಮೂವತ್ತೊಂದು ವರ್ಷ ಕಾಪಾಡಿಕೊಂಡು ಬಂದ ಮಾತನ್ನು ಮಧ್ಯಾಹ್ನ ಕಳೆದುಕೊಂಡಿದ್ದಳು. ಯಾವುದಕ್ಕಾಗಿ ಕಳೆದುಕೊಂಡಳೋ ಅದನ್ನು ಸಂಜೆಗೆ ತಾನೇ ಕೈಯಾರೆ ಎತ್ತಿ ಕೊಟ್ಟಿದ್ದಳು. ಚೀಲವನ್ನು ಕೆಳಗಿಟ್ಟು, ಮಗುವಿನ ಪಕ್ಕ ಚಾಪೆಯ ಮೇಲೆ ಕೂತಳು.

‘ಯಾವತ್ತಿಗೆ ಟಿಕೆಟ್ ಮಾಡ್ಸೋಣ?’ ಎಂದು ಕೇಳಿದಳು.